ಮೌನಪ್ಪನ ಹೊಲಕ್ಕೆ ಮುಯ್ಯಾಳು

ದೇವದುರ್ಗ
14 ಜುಲೈ 2024

ಪ್ರೀತಿಯ ಖುರ್ಷೀದ್ ಆಪಾ,

ಸಲಾಂ. ಹೆಡ್‌ಮೇಡಂ ಆದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು, ಸ್ವಲ್ಪ ಮರ್ಯಾದೆ ಕೊಟ್ಟು ಓದಬೇಕು. ಫೋನ್ ಮಾಡೋಣವೆಂದರೆ ನೀವು ನಿವೃತ್ತರಾದ ವರ್ಷವೇ ನಿಮ್ಮ ಕಿವಿಗಳೂ ನಿವೃತ್ತಿ ಪಡೆದುಬಿಟ್ಟವು. ಕಿವಿಗೆ ಹಾಕುವ ಮಷಿನ್ ಹಾಕಿಕೊಂಡರೆ ತಲೆಯೊಳಗೆ ಅಕ್ಕಿ ಗಿರಣಿ ಓಡುತ್ತದೆ ಎಂದು ಅದನ್ನೂ ಕಿತ್ತಿಟ್ಟಿದ್ದೀರಂತೆ. ಮೊಬೈಲಿನಲ್ಲಿ ಬರೆದದ್ದು ಮಾತೂ ಅಲ್ಲ, ಪತ್ರವೂ ಅಲ್ಲ ಎಂಬುದು ನಿಮ್ಮ ಹಟ. ಹೀಗಾಗಿ ಈ ಕಾಲದಲ್ಲಿ ಲಕೋಟೆ ಕೊಳ್ಳುವ ಏಕೈಕ ಹೆಡ್‌ಮೇಡಂ ನಾನೇ ಇರಬೇಕು. ಅಂಚೆ ಕಚೇರಿಯವರು ನನ್ನನ್ನು ಕೋರ್ಟಿನ ಕೆಲಸದವಳು ಎಂದುಕೊಂಡಿದ್ದಾರೆ.

ಶಾಲೆ ಕವಿತಾಳದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ದೇವದುರ್ಗದಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಟ್ಟಡ ಪರವಾಗಿಲ್ಲ. ಮೈದಾನ ಮಾತ್ರ ಅಪ್ಪಟ ಎರೆಮಣ್ಣು; ಮಳೆ ಬಂದರೆ ಚಪ್ಪಲಿಯನ್ನು ಕಸಿದುಕೊಂಡೇ ನಮ್ಮನ್ನು ಬಿಡುತ್ತದೆ.

ಮಾನ್ವಿಯಲ್ಲಿ ನಾವಿಬ್ಬರೂ ಒಂದೇ ಶಾಲೆಯಲ್ಲಿದ್ದಾಗ ನೀವು ಸೀಟಿ ಊದಿ ನನ್ನ ಗಣಿತದ ತರಗತಿಯಿಂದ ಹುಡುಗಿಯರನ್ನು ಎಬ್ಬಿಸಿಕೊಂಡು ಹೋಗುತ್ತಿದ್ದಿರಲ್ಲ, ಅದೇ ರೋಗ ಇಲ್ಲಿಯೂ ಇದೆ. ಇಲ್ಲಿನ ಪಿ.ಟಿ. ಮೇಷ್ಟ್ರು ಅಮರೇಶ ಎಂಬವರು ‘ಶನಿವಾರದ ಸಂತೆ’ ಅಂತ ಒಂದನ್ನು ನಡೆಸುತ್ತಾರೆ. ಶನಿವಾರ ಪಾಠ ಮುಗಿದ ಮೇಲೆ ಯಾವ ಮಗು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು. ಒಂದು ಮೂಲೆಯಲ್ಲಿ ತತ್ವಪದ, ಇನ್ನೊಂದರಲ್ಲಿ ಗೋಡೆ ಪತ್ರಿಕೆ, ಬೇವಿನ ಮರದ ಕೆಳಗೆ ಊರಿನ ಅನ್ನಮ್ಮಜ್ಜಿ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದನ್ನು ಕಲಿಸುತ್ತಾಳೆ, ಹಿಂದೆ ಕೈತೋಟ, ಮುಂದೆ ಖೋ ಖೋ. ನೋಡಲು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಹೋದ ವರ್ಷದ ಹತ್ತನೇ ಫಲಿತಾಂಶ ಹೇಳಿಕೊಳ್ಳುವಂತಿಲ್ಲ. ಮೇಲಿನವರು ಕೇಳುವುದು ಶೇಕಡಾ ಎಷ್ಟು ಎಂದು. ಕೌದಿಗೆ ಶೇಕಡಾ ಇಲ್ಲ.

ಆದ್ದರಿಂದ ಸಂತೆ ಎತ್ತಿಸಿದ್ದೇನೆ. ಮುಂದಿನ ಶನಿವಾರದಿಂದ ಆ ಹೊತ್ತಿನಲ್ಲಿ ಹತ್ತನೆಯವರಿಗೆ ಗಣಿತದ ವಿಶೇಷ ತರಗತಿ. ನಿಮಗೆ ಸಿಟ್ಟು ಬರುತ್ತದೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿಮ್ಮ
ವಿಜಯಲಕ್ಷ್ಮಿ


ಅಂದ್ರೂನ್ ಕಿಲ್ಲಾ, ರಾಯಚೂರು
25 ಜುಲೈ 2024

ಮಹಾರಾಜಶ್ರೀ ಹೆಡ್‌ಮೇಡಂ ಅವರ ಸನ್ನಿಧಾನಕ್ಕೆ,

ಬಡ ಪಿ.ಟಿ. ಟೀಚರ್ ಖುರ್ಷೀದ್ ಬೇಗಂಳ ಸಲಾಂ. ಮರ್ಯಾದೆ ಕೊಟ್ಟಾಯಿತು. ಇನ್ನು ಬೈಯಲು ಶುರುಮಾಡುತ್ತೇನೆ.

ವಿಜಿ, ಅಂಗಡಿಯ ಬಾಗಿಲು ಹಾಕಿಕೊಂಡು ವ್ಯಾಪಾರ ಹೆಚ್ಚಿಸಲು ಹೊರಟಿದ್ದೀಯಲ್ಲ, ನಿನಗೆ ಗಣಿತ ಕಲಿಸಿದವರು ಯಾರು? ಮಾನ್ವಿಯ ನಮ್ಮ ಮೌನೇಶ್ವರಿಯನ್ನು ಮರೆತೆಯಾ? ನಿನ್ನ ತರಗತಿಯಿಂದ ಕಿಟಕಿ ಹಾರಿ ಓಡುತ್ತಿದ್ದಳು. ಲಂಬಕೋನ ಎಂದರೆ ಏನೆಂದು ಅವಳಿಗೆ ತಿಳಿದದ್ದು ಖೋ ಖೋ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವಾಗ. ಆಮೇಲೆ ತಾನಾಗಿಯೇ ನಿನ್ನ ಬಳಿ ಬಂದು ಕೂತಳು. ಈಗ ಮಾನ್ವಿ ಡಿಪೋದಲ್ಲಿ ಕಂಡಕ್ಟರ್. ಅವಳ ಬಸ್ಸಿನಲ್ಲಿ ಕುಡಿದವರು ಕೂಡ ಕೈಕಟ್ಟಿ ಕೂರುತ್ತಾರಂತೆ.

ಶಾಲೆಗೆ ಬಂದವರಿಗೆ ತಾನೇ ನೀನು ಲೆಕ್ಕ ಕಲಿಸುವುದು? ಮಗು ಯಾವ ಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೇ ಬಾಗಿಲು ಹೆಚ್ಚಿರಬೇಕು. ಆ ಅಮರೇಶನಿಗೆ ನನ್ನ ಆಶೀರ್ವಾದ ತಿಳಿಸು. ನಿನಗೆ ಕೊಡುವುದನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ.

ಖುರ್ಷೀದ್


ದೇವದುರ್ಗ
10 ನವೆಂಬರ್ 2024

ಆಪಾ,

ನಿಮ್ಮ ಪತ್ರಕ್ಕೆ ಇಷ್ಟು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗ ಸಿಟ್ಟು ಹೋಗಿ ದಿಗಿಲು ಬಂದಿದೆ.

ಹತ್ತನೇ ತರಗತಿಯಲ್ಲಿ ಶಿವಗಂಗಾ ಎಂಬ ಹುಡುಗಿ ಇದ್ದಾಳೆ. ಉದ್ದನೆಯ ಕಾಲು, ಗಿಡ್ಡ ಮಾತು. ಶನಿವಾರದ ಖೋ ಖೋ ತಂಡಕ್ಕೆ ಅವಳೇ ನಾಯಕಿ. ಓದಿನಲ್ಲಿ ನಡುವೆ ಎಲ್ಲೋ ಇದ್ದಳು, ಕೈಬಿಡುವಂಥವಳಲ್ಲ. ಸಂತೆ ನಿಂತ ಮೇಲೆ ಮೊದಲು ಶನಿವಾರ ತಪ್ಪಿಸಿದಳು. ಆಮೇಲೆ ಶುಕ್ರವಾರ, ಸೋಮವಾರ. ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. ಅವಳೊಬ್ಬಳೇ ಅಲ್ಲ, ನನ್ನ ವಿಶೇಷ ತರಗತಿಯಲ್ಲಿ ಬೆಂಚುಗಳಿಗೆ ಪಾಠ ಮಾಡುತ್ತಿದ್ದೇನೆ.

ನಿನ್ನೆ ಅವಳ ಮನೆಗೆ ಹೋದೆ. ತಂದೆ ಮೌನಪ್ಪ, ಮಾತಿಗೆ ಮುಂಚೆ ಕಣ್ಣಿನಿಂದ ಅಳೆಯುವ ಮನುಷ್ಯ. ತಾಯಿ ಮೂಕಮ್ಮ ಜಾರಿ ಬಿದ್ದು ಬಲಗೈ ಮುರಿದುಕೊಂಡು ಪಟ್ಟಿ ಹಾಕಿಸಿಕೊಂಡಿದ್ದಾಳೆ. ಹೊಲದಲ್ಲಿ ಹತ್ತಿ ಒಡೆದು ನಿಂತಿದೆ, ಬಿಡಿಸಲು ಕೂಲಿಯವರು ಸಿಗುವುದಿಲ್ಲ. ಹುಡುಗಿ ಹೊಲಕ್ಕೆ ಹೋಗಿದ್ದಳು.

“ಪರೀಕ್ಷಿ ಹತ್ರ ಬಂತು, ಸಾಲಿ ಯಾಕ ಬಿಡಿಸಿದ್ರಿ?” ಎಂದು ಕೇಳಿದೆ.

“ನಾ ಎಲ್ಲಿ ಬಿಡಿಸೀನ್ರೀ?” ಎಂದರು ಮೌನಪ್ಪ. “ಆಟ ಇದ್ದಾಗ ನಸುಕಿನ್ಯಾಗ ಎದ್ದು ಕಸ ಮುಸುರಿ ಎಲ್ಲಾ ಮುಗಿಸಿ ಸಾಲಿಗೆ ಓಡತಿದ್ಲು. ಆಟ ಬಂದ್ ಮಾಡಿದ್ರಿ, ಆಕಿ ಕಾಲೂ ಬಂದ್ ಆದ್ವು. ಮನ್ಯಾಗ ಮಾರಿ ಸಣ್ಣದ ಮಾಡ್ಕೊಂಡು ಕುಂದ್ರಾಕತ್ತಿದ್ಲು. ಅದಕ್ಕ ಹೊಲಕ್ಕರ ಬಾರವ್ವಾ ಅಂತ ಕರಕೊಂಡು ಹೊಂಟೀನಿ. ಈಗ ಕಳಸಂದ್ರ ಹೆಂಗ ಕಳಸ್ಲಿ? ಹತ್ತಿ ಯಾರು ಬಿಡಸ್ತಾರ, ನೀವು ಬಿಡಸ್ತೀರೇನು?”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ ಆಪಾ. ಆ ಹುಡುಗಿಗೆ ಶಾಲೆಯ ಬಾಗಿಲು ಆಟವಾಗಿತ್ತು. ನಾನು ಅದನ್ನೇ ಹಾಕಿದೆ. ಅವಳು ಈ ವರ್ಷ ಪರೀಕ್ಷೆಗೆ ಕೂರದಿದ್ದರೆ ಮತ್ತೆಂದೂ ಕೂರುವುದಿಲ್ಲ. ಏನು ಮಾಡಲಿ?

ವಿಜಿ


ರಾಯಚೂರು
16 ನವೆಂಬರ್ 2024

ವಿಜಿ,

ನಿನ್ನನ್ನು ಬೈಯಲು ಬರೆದಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಹೊಡೆದು ಹಾಕಿದೆ. ನೀನೇ ನನಗಿಂತ ಚೆನ್ನಾಗಿ ಬೈದುಕೊಂಡಿದ್ದೀಯ.

ಸೋಮವಾರವೇ ಸಂತೆ ಮತ್ತೆ ಕೂರುತ್ತದೆಂದು ಪ್ರಾರ್ಥನೆಯಲ್ಲಿ ಹೇಳು. ಶನಿವಾರದವರೆಗೆ ಕಾಯಬೇಡ. ಇನ್ನು ಮೌನಪ್ಪ ನಿನ್ನನ್ನು ಒಂದು ಪ್ರಶ್ನೆ ಕೇಳಿದ್ದಾರೆ, ನೀವು ಬಿಡಿಸುತ್ತೀರಾ ಎಂದು. ಅದಕ್ಕೆ ಉತ್ತರ ಕೊಡು. ಹತ್ತಿ ಕೊಯ್ಲಾಗದೆ ಆ ಹುಡುಗಿ ಬರುವುದಿಲ್ಲ. ಊರಿನಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡು ನೀನೂ ಹೊಲಕ್ಕೆ ಹೋಗು. ಆದರೆ ಒಂದು ಮಾತು: ಮಕ್ಕಳನ್ನು ಕರೆದುಕೊಂಡು ಹೋಗಬೇಡ. ಒಂದು ಮಗುವನ್ನು ಹೊಲದಿಂದ ತರಲು ಇಡೀ ತರಗತಿಯನ್ನು ಹೊಲಕ್ಕೆ ಇಳಿಸಿದರೆ ನಿನಗಿಂತ ದೊಡ್ಡ ಹುಚ್ಚಿ ಇಲ್ಲ. ದೊಡ್ಡವರು ಹೋಗಲಿ.

ಮೌನೇಶ್ವರಿಗೂ ಹೇಳಿ ಕಳಿಸಿದ್ದೇನೆ.

ಖುರ್ಷೀದ್


ದೇವದುರ್ಗ
24 ನವೆಂಬರ್ 2024

ಆಪಾ,

ಹೋದೆವು. ಮರ್ಯಾದೆ ಕಳೆದುಕೊಂಡು ಬಂದೆವು. ನೀವು ಒಬ್ಬರೇ ಇರುವಾಗ ಓದಿ, ಏಕೆಂದರೆ ನಗುತ್ತೀರಿ.

ಅಮರೇಶ, ನಾನು, ತಂಡದ ಹುಡುಗಿಯರ ತಾಯಂದಿರು, ಹಿಂದಿನ ವರ್ಷಗಳಲ್ಲಿ ಓದಿ ಹೋದ ಕೆಲವು ಹುಡುಗಿಯರು, ಎಲ್ಲರೂ ಭಾನುವಾರ ಬೆಳಿಗ್ಗೆ ಹೊರಟೆವು. ನಾನು ಸುಮ್ಮನಿರಬೇಕೋ ಇಲ್ಲವೋ? ಯಾವ ಕಾರ್ಯಕ್ರಮಕ್ಕೂ ಬ್ಯಾನರ್ ಇಲ್ಲದೆ ನಮ್ಮ ಇಲಾಖೆಯಲ್ಲಿ ಯಾರಾದರೂ ಹೋಗಿದ್ದುಂಟೇ? ಶಾಲೆಯ ಬೀರುವಿನಲ್ಲಿ ಹಳೆಯದೊಂದು ಇತ್ತು. ಹಸಿರು ಬಟ್ಟೆ, ಬಿಳಿ ಅಕ್ಷರ: ‘ಶ್ರಮದಾನ ಶಿಬಿರ’. ಅದನ್ನೇ ಮೌನಪ್ಪನವರ ಹೊಲದ ಬದುವಿನಲ್ಲಿ ಎರಡು ಜಾಲಿ ಗಿಡಗಳ ನಡುವೆ ಕಟ್ಟಿಸಿದೆ. ಫೋಟೋ ಕೂಡ ತೆಗೆಸಿದೆ.

ಮೌನಪ್ಪ ಬಂದವರು ಹತ್ತಿಯ ಕಡೆ ನೋಡಲಿಲ್ಲ, ನಮ್ಮ ಕಡೆಯೂ ನೋಡಲಿಲ್ಲ. ಬಟ್ಟೆಯ ಮುಂದೆ ನಿಂತು ಅಕ್ಷರ ಕೂಡಿಸಿ ಓದಿದರು.

“ದಾನ ಯಾರಿಗೆ ಮಾಡಾಕ ಬಂದೀರಿ?” ಎಂದರು. “ನನ್ನ ಹೊಲದ ಬದುವಿಗೆ ಈ ಬಟ್ಟಿ ಕಟ್ಟಿ, ಮೌನಪ್ಪಗ ಗತಿ ಇಲ್ಲ ಅಂತ ಊರಿಗೆಲ್ಲ ತೋರ್ಸಾಕತ್ತೀರೇನು? ನಾನೇನು ಜೋಳಿಗಿ ಹಾಕ್ಕೊಂಡು ನಿಮ್ಮ ಬಾಗಲಿಗೆ ಬಂದಿದ್ನೇನ್ರೀ?”

ಹೆಂಗಸರೆಲ್ಲ ತಲೆ ತಗ್ಗಿಸಿ ತಿರುಗಿದರು. ದೂರದಲ್ಲಿ ಶಿವಗಂಗಾ ಉಡಿ ತುಂಬ ಹತ್ತಿ ಇಟ್ಟುಕೊಂಡು ನಿಂತಿದ್ದಳು. ಅವಳೂ ನಮ್ಮ ಕಡೆ ಬರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿರುವ ಖಾಸಿಂ ಸಾಬ್ ನಮ್ಮ ಶಾಲಾ ಸಮಿತಿ ಎಸ್.ಡಿ.ಎಂ.ಸಿ.ಯ ಅಧ್ಯಕ್ಷರು. ನನ್ನ ಮುಖ ನೋಡಿ ಚಹಾ ಕೊಟ್ಟು, ನಡೆದದ್ದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮೇಡಂ, ದಾನ ಅಂದ್ರ ಅವಾ ಸತ್ರೂ ತಗೊಳ್ಳಂಗಿಲ್ಲ. ಅವಾ ಅಷ್ಟ ಅಲ್ಲ, ಈ ಊರಾಗ ಯಾರೂ ತಗೊಳ್ಳಂಗಿಲ್ಲ. ಆ ಬಟ್ಟಿ ಸುಟ್ಟು ಹಾಕ್ರಿ. ಮುಂದಿನ ಐತವಾರ ಮುಯ್ಯಾಳಾಗಿ ಬಂದೀವಿ ಅಂತ ಹೇಳಿ ಹೋಗ್ರಿ. ಅವಾ ಬ್ಯಾಡ ಅಂದ್ರ ನನ್ನ ಹೆಸರು ತಗೀರಿ.”

ಮುಯ್ಯಾಳು ಎಂದರೆ ಏನೆಂದು ನಿಮಗೂ ಗೊತ್ತು, ನನಗೂ ಗೊತ್ತು. ಇಂದು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ. ಅಜ್ಜನ ಕಾಲದಿಂದ ಕೇಳಿದ ಮಾತು ಇಲಾಖೆಯ ಬ್ಯಾನರಿನ ಕೆಳಗೆ ಮರೆತುಹೋಗಿತ್ತು.

ವಿಜಿ


ದೇವದುರ್ಗ
2 ಡಿಸೆಂಬರ್ 2024

ಆಪಾ,

ನಿಮ್ಮ ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲ. ಗೆದ್ದೆವು!

ನಿನ್ನೆ ಬ್ಯಾನರ್ ಇಲ್ಲ, ಫೋಟೋ ಇಲ್ಲ. ತಲೆಗೆ ಟವೆಲ್ ಸುತ್ತಿಕೊಂಡು ಹೋದೆವು. ಮುಂದೆ ಅನ್ನಮ್ಮಜ್ಜಿ. ಬದುವಿನಲ್ಲಿ ನಿಂತು ಅವಳೇ ಕೂಗಿದಳು: “ಏ ಮೌನಪ್ಪಾ, ಮುಯ್ಯಾಳು ಬಂದೀವಿ. ಯಾವ ಸಾಲು ಹಿಡೀಬೇಕು ಹೇಳು.”

ಮೌನಪ್ಪ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಯಾರ್ಯಾರು ಬಂದಿದ್ದಾರೆ ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದರೆಂದು ಆಮೇಲೆ ಹೊಳೆಯಿತು. ಕೊನೆಗೆ, “ಬರ್ರಿ, ಬರ್ರಿ. ಆ ಕಡಿಂದ ಹಿಡೀರಿ” ಎಂದರು. ಅಷ್ಟೇ ಆಪಾ. ಕೆಲಸ ಅದೇ, ಹೊಲ ಅದೇ, ಜನವೂ ಅವರೇ. ಒಂದು ಪದ ಬದಲಾಯಿತು, ಅವರು ದಾರಿ ಬಿಟ್ಟರು.

ಮೌನೇಶ್ವರಿ ಮಾನ್ವಿಯಿಂದ ರಜೆ ಹಾಕಿ ಬಂದಿದ್ದಳು. ಸಾಲು ಹಿಡಿದರೆ ಹಿಂದೆ ತಿರುಗಿ ನೋಡುವುದಿಲ್ಲ. ನಾನು ನಿಧಾನ. ಒಣಗಿದ ಕಾಯಿಯ ಚೂಪಿಗೆ ಬೆರಳೆಲ್ಲ ಗೀರಿ ಈ ಪತ್ರದ ಅಕ್ಷರ ಹೀಗೆ ಸೊಟ್ಟಗಿವೆ. ಮೂಕಮ್ಮ ಒಂದೇ ಕೈಯಲ್ಲಿ ರೊಟ್ಟಿ ಬಡಿಯಲಾಗದೆ ಅಳುತ್ತಿದ್ದಳಂತೆ. ನೆರೆಯವರು ರೊಟ್ಟಿ ಬುತ್ತಿ ಕಟ್ಟಿ ತಂದರು. ಹೊಲದಲ್ಲಿ ಎಲ್ಲರೂ ಕೂತು ಉಂಡೆವು. ನಾನು ಹದಿನೈದು ವರ್ಷ ಪಾಲಕರ ಸಭೆ ನಡೆಸಿದ್ದೇನೆ, ಇಷ್ಟು ಜನ ತಾಯಂದಿರ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು. ಸಂಜೆಗೆ ಹೊಲ ಖಾಲಿ.

ಶಿವಗಂಗಾಳನ್ನು ಅಮರೇಶ ಹೊಲಕ್ಕೆ ಇಳಿಯಲು ಬಿಡಲಿಲ್ಲ. ಬದುವಿನ ಬೇವಿನ ಮರದ ಕೆಳಗೆ ಕೂರಿಸಿ ತಪ್ಪಿದ ಪಾಠಗಳ ಟಿಪ್ಪಣಿ ಬರೆಸಿದರು. ಇವತ್ತು ಬೆಳಿಗ್ಗೆ ನಾನು ಬಸ್ಸಿಳಿಯುವ ಮುಂಚೆಯೇ ಅವಳು ಶಾಲೆಯ ಗೇಟಿನಲ್ಲಿದ್ದಳು. “ಮೇಡಂ, ಶನಿವಾರ ಆಟ ಅದ ಹೌದಲ್ರೀ?” ಎಂದು ಕೇಳಿದಳು. ಅದ ಅಂದೆ.

ನಿಮ್ಮ
ವಿಜಿ


ರಾಯಚೂರು
10 ಡಿಸೆಂಬರ್ 2024

ನನ್ನ ವಿಜಿ,

ಎರಡು ಪತ್ರವನ್ನೂ ಒಟ್ಟಿಗೆ ಓದಿದೆ. ಮೊದಲನೆಯದಕ್ಕೆ ನಾನು ನಕ್ಕ ನಗೆಗೆ ಸೊಸೆ ಒಳಗಿನಿಂದ ಓಡಿ ಬಂದಳು. ಎರಡನೆಯದನ್ನು ಅವಳ ಕೈಗೆ ಕೊಟ್ಟು ಓದಿಸಿದೆ. ತಡೆಹಿಡಿದಿದ್ದ ಆಶೀರ್ವಾದವನ್ನು ಈ ಮೂಲಕ ಬಡ್ಡಿ ಸಮೇತ ಬಿಡುಗಡೆ ಮಾಡಿದ್ದೇನೆ. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊ.

ಹತ್ತಿ ಬಿಡಿಸುವುದು ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮತ್ತೆ ಒಡೆಯುತ್ತದೆ. ಆಗಲೂ ಹೋಗಬೇಕು, ನೆನಪಿರಲಿ.

ಒಂದು ಸುದ್ದಿ. ನನ್ನ ಹಳೆಯ ಆಟಗಾರ್ತಿಯರು ಸೇರಿ ಸಂಕ್ರಾಂತಿ ಆದ ಮೇಲೆ ರಾಯಚೂರಿನಲ್ಲಿ ಹೈಸ್ಕೂಲು ಹುಡುಗಿಯರಿಗೆ ಖೋ ಖೋ ಪಂದ್ಯ ನಡೆಸುತ್ತಿದ್ದಾರೆ. ನಿನ್ನ ತಂಡದ ಹೆಸರನ್ನು ನಾನೇ ಬರೆಸಿಬಿಟ್ಟೆ. ಹೆಡ್‌ಮೇಡಂ ಅಪ್ಪಣೆ ಕೇಳಲಿಲ್ಲ, ಕ್ಷಮೆ ಇರಲಿ.

ಖುರ್ಷೀದ್


ದೇವದುರ್ಗ
5 ಜನವರಿ 2025

ಆಪಾ,

ಮೌನಪ್ಪ ನನ್ನ ನಿದ್ದೆ ಕೆಡಿಸಿದ್ದಾರೆ.

ಬಂದು ಹೋದ ಪ್ರತಿಯೊಬ್ಬ ಹೆಂಗಸಿನ ಹೊಲಕ್ಕೂ ಹೋಗಿ ಮುಯ್ಯಿ ತೀರಿಸಿ ಬಂದರಂತೆ. ಒಬ್ಬರಿಗೆ ತೊಗರಿ ಕೊಯ್ದರು, ಒಬ್ಬರಿಗೆ ಮೆಣಸಿನಕಾಯಿ ಹೊತ್ತರು, ಹೊಲವಿಲ್ಲದ ಅನ್ನಮ್ಮಜ್ಜಿಯ ಮನೆಯ ಮಾಳಿಗೆಗೆ ಮಣ್ಣು ಹಾಕಿಕೊಟ್ಟರು. ಆಮೇಲೆ ಒಂದು ಬೆಳಿಗ್ಗೆ ನನ್ನ ಕೋಣೆಗೆ ಬಂದು ನಿಂತರು. ಕೂರಿ ಎಂದರೆ ಕೂರಲಿಲ್ಲ.

“ಎಲ್ಲಾರದೂ ತೀರಿಸೀನಿ. ನಿಮ್ದು, ಅಮರೇಶ ಸರ್‌ದು, ಆ ಕಂಡಕ್ಟರ್ ಮೇಡಂದು ಉಳದದ. ನಿಮಗ್ಯಾರಿಗೂ ಹೊಲಾ ಇಲ್ಲ. ಏನ್ ಮಾಡ್ಲಿ?”

“ಶಿವಗಂಗಾನ್ನ ದಿನಾ ಸಾಲಿಗೆ ಕಳಸ್ರಿ. ಅದ ನಮ್ಮ ಮುಯ್ಯಿ” ಎಂದೆ. ಒಳ್ಳೆಯ ಮಾತು ಹೇಳಿದೆನೆಂದು ಹಿಗ್ಗಿದ್ದೆ.

“ಅದು ಆಕಿ ದುಡಿಮಿ ರೀ. ನನ್ನ ದುಡಿಮಿ ಹೇಳ್ರಿ” ಎಂದರು.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಹುಡುಗಿಯರು ಅಭ್ಯಾಸ ಮಾಡುತ್ತಿದ್ದರು. ಎರೆಮಣ್ಣು ಬಿರುಕು ಬಿಟ್ಟು ಒಬ್ಬಳ ಕಾಲು ಉಳುಕಿತು. “ನಿಮ್ಮ ಹೊಲ ಇದ ಅಲ್ಲೇನ್ರೀ?” ಎಂದರು.

ಮರುದಿನ ಎತ್ತು, ಕುಂಟೆ ತಂದರು. ಮೈದಾನ ಸಮ ಮಾಡಿದರು. ಮೇಲೆ ಹಾಸಲು ಗಟ್ಟಿ ಗರಸು ಮಣ್ಣು ಬೇಕೆಂದಾಗ ಖಾಸಿಂ ಸಾಬ್ ಟ್ರ್ಯಾಕ್ಟರ್ ಕಳಿಸಿದರು. ಒಬ್ಬರನ್ನು ನೋಡಿ ಒಬ್ಬರು ಬಂದರು. ನೀರು ಹೊಡೆದು, ರೋಲರ್ ಉರುಳಿಸಿ, ನಮಗೀಗ ಜಾರದ, ಬಿರಿಯದ ಅಂಕಣವಿದೆ. ನಾನು ಇಲಾಖೆಗೆ ಅರ್ಜಿ ಬರೆದಿದ್ದರೆ ಅದು ಇನ್ನೂ ರಾಯಚೂರಿಗೆ ತಲುಪುತ್ತಿರಲಿಲ್ಲ.

ಶನಿವಾರ ನೀವೊಮ್ಮೆ ಬಂದು ನೋಡಬೇಕು. ಕೌದಿ ಗುಂಪಿನವರು ಹಳೆಯ ಸೀರೆ ಬಟ್ಟೆಯಿಂದ ಆಟಗಾರ್ತಿಯರ ಮೊಣಕಾಲಿಗೆ ಕಟ್ಟಲು ದಪ್ಪ ಪಟ್ಟಿ ಹೊಲಿದಿದ್ದಾರೆ. ಗೋಡೆ ಪತ್ರಿಕೆಯವರು ಅಂಕಣ ಆದದ್ದನ್ನು ವರದಿ ಮಾಡಿದ್ದಾರೆ; ಅದರಲ್ಲಿ ಮೌನಪ್ಪನವರ ಎತ್ತುಗಳ ಸಂದರ್ಶನವೂ ಇದೆ. ಬರೆದವನು ಹೋದ ವರ್ಷ ಕನ್ನಡದಲ್ಲಿ ಫೇಲಾಗಿದ್ದ ಹುಡುಗ. ಮಧ್ಯಾಹ್ನ ಆಟ ಮುಗಿಸಿ ಹತ್ತನೆಯವರೇ ನನ್ನ ಬಳಿ ಬಂದು, ಮೇಡಂ ಒಂದು ತಾಸು ಲೆಕ್ಕ ಹೇಳಿಕೊಡಿ ಎನ್ನುತ್ತಾರೆ. ಅದೇ ನನ್ನ ವಿಶೇಷ ತರಗತಿ. ಈಗ ಬೆಂಚು ಸಾಲುವುದಿಲ್ಲ. ನಿಮ್ಮ ಮಾತು ನಿಜವಾಯಿತೆಂದು ಒಪ್ಪಿಕೊಳ್ಳುತ್ತಿದ್ದೇನೆ, ಒಂದೇ ಸಲ. ಮತ್ತೆ ಬರೆಯಲು ಹೇಳಬೇಡಿ.

ವಿಜಿ


ರಾಯಚೂರು
20 ಜನವರಿ 2025

ವಿಜಿ,

ನೀನು ನಿನ್ನೆ ಗಡಿಬಿಡಿಯಲ್ಲಿ ಬಸ್ಸು ಹತ್ತಿದೆ. ಕೂತು ಮಾತಾಡಲಾಗಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಫೈನಲ್ಲಿನಲ್ಲಿ ಮಾನ್ವಿಯವರಿಗೆ ಒಂದು ಅಂಕದಿಂದ ಸೋತಿರಿ. ಸೋತರೇನಂತೆ, ಬಿಡು. ಹಾಗೆ ಆಡಿದ ಹುಡುಗಿಯನ್ನು ನಾನು ಬಹಳ ವರ್ಷಗಳಿಂದ ನೋಡಿರಲಿಲ್ಲ. ಶಿವಗಂಗಾ ಓಡುವುದಿಲ್ಲ, ಎದುರಾಳಿ ಯಾವ ಕಡೆ ಬರುತ್ತಾಳೆಂದು ಮೊದಲೇ ತಿಳಿದವಳಂತೆ ತಪ್ಪಿಸಿಕೊಂಡು ನಿಲ್ಲುತ್ತಾಳೆ. ಕೂತವರ ನಡುವೆ ನುಗ್ಗಿ ಕಂಬ ತಿರುಗಿದಾಗ ಆ ಕೌದಿ ಪಟ್ಟಿಯ ಮೇಲೆ ಜಾರಿ ಎದ್ದಳಲ್ಲ, ನನ್ನ ಹಳೆಯ ಕಾಲುಗಳು ಚಪ್ಪಲಿಯಲ್ಲೇ ಕುಣಿದವು. ಸೀಟಿ ಕೇಳಿಸಲಿಲ್ಲ, ಚಪ್ಪಾಳೆ ಕೇಳಿಸಲಿಲ್ಲ. ಆದರೆ ಬಾಯಿ ತೆರೆದ ಮುಖಗಳನ್ನು ನೋಡಿ ಎಷ್ಟು ಗದ್ದಲವಿದೆಯೆಂದು ತಿಳಿಯಿತು. ನಿನ್ನ ತತ್ವಪದದ ಮಕ್ಕಳು ತಾಳ ಹಿಡಿದು ಬಂದಿದ್ದರಲ್ಲ, ಅವರ ಕೈಗಳನ್ನೇ ನೋಡುತ್ತ ತಾಳ ಹಾಕಿದೆ.

ಹಗ್ಗದ ಆಚೆ ನನ್ನ ಪಕ್ಕದಲ್ಲಿ ಒಬ್ಬರು ನಿಂತಿದ್ದರು, ತಲೆಗೆ ಸುತ್ತಿದ ಬಿಳಿ ಪಟಗ, ಬಿಗಿದ ಮುಖ. ಅವರೇ ಮೌನಪ್ಪ ಎಂದು ಮೌನೇಶ್ವರಿ ಸನ್ನೆ ಮಾಡಿ ಹೇಳಿದಳು, ನಾನು ಯಾರೆಂದು ಅವರಿಗೂ ತಿಳಿಸಿದಳು. ಹೆಸರಿಗಷ್ಟೇ ಮೌನ, ಆಟ ಮುಗಿಯುವವರೆಗೂ ನನ್ನ ಜೊತೆ ಮಾತಾಡುತ್ತಲೇ ಇದ್ದರು. ಕಿವಿ ಕೇಳಿಸುವುದಿಲ್ಲ ಎಂದು ಹೇಳಿಕೊಳ್ಳಲು ನನಗೆ ನಾಚಿಕೆ, ಆಟದ ಬಯಲಿನಲ್ಲಂತೂ ಇನ್ನೂ ಹೆಚ್ಚು. ಅವರು ನಕ್ಕಾಗ ನಕ್ಕೆ, ಬೈದಂತೆ ಕಂಡಾಗ ಹುಬ್ಬು ಗಂಟಿಕ್ಕಿದೆ. ಕೊನೆಗೆ ಏನೋ ಕೇಳಿ ನನ್ನ ಮುಖವನ್ನೇ ನೋಡುತ್ತ ನಿಂತರು. ಮಗಳು ಚೆನ್ನಾಗಿ ಆಡಿದಳಲ್ಲವೇ ಎಂದಿರಬೇಕು ಎಂದು ಜೋರಾಗಿ ತಲೆಯಾಡಿಸಿದೆ. ಆ ಮನುಷ್ಯ ಪಟಗ ತೆಗೆದು, ಬಾಗಿ ನನ್ನ ಕಾಲು ಮುಟ್ಟಿದರು. ಕಣ್ಣಲ್ಲಿ ನೀರಿತ್ತು. ಇಷ್ಟು ಮಾತಿಗೆ ಇಷ್ಟೊಂದು ಏಕೆ ಎಂದು ನನಗೆ ಇನ್ನೂ ತಿಳಿದಿಲ್ಲ.

ಖುರ್ಷೀದ್


ದೇವದುರ್ಗ
2 ಫೆಬ್ರುವರಿ 2025

ಆಪಾ,

ನೀವು ಏನು ಒಪ್ಪಿಕೊಂಡು ಬಂದಿದ್ದೀರಿ ಗೊತ್ತೇ?

ಮೌನಪ್ಪ ನಿಮ್ಮನ್ನು ಕೇಳಿದ್ದು ಇದು: “ಪಾಸಾದ್ರ ಆಕೀನ್ನ ರಾಯಚೂರಾಗ ಕಾಲೇಜಿಗೆ ಹಾಕಬೇಕಂತ ಮಾಡೀನಿ. ಹಾಸ್ಟೆಲ್‌ನ್ಯಾಗ ಬಿಡಾಕ ನನಗ ಧೈರ್ಯ ಇಲ್ಲ. ನಿಮ್ಮ ಮನ್ಯಾಗ ಇಟ್ಕೊಂತೀರೇನ್ರೀ?” ನೀವು ಜೋರಾಗಿ ತಲೆಯಾಡಿಸಿದಿರಿ.

ಇಡೀ ಊರಿಗೆ ಹೇಳಿದ್ದಾರೆ. ಹತ್ತನೇ ಮುಗಿಸಿ ಮನೆಯಲ್ಲಿರಲಿ ಎಂದು ಮೂರು ತಿಂಗಳ ಹಿಂದೆ ಅಂದುಕೊಂಡಿದ್ದ ಮನುಷ್ಯ ಈಗ ಕಾಲೇಜಿನ ಮಾತಾಡುತ್ತಿದ್ದಾರೆ. ಮಲ್ಲಟದಿಂದ ಮೂಕಮ್ಮನ ಅಣ್ಣ ಪಂಪಾಪತಿ ಬಂದಿದ್ದರು. ಮುಸಲ್ಮಾನರ ಮನೆಯಲ್ಲಿ ಹುಡುಗಿಯನ್ನು ಬಿಡುತ್ತೀಯಾ ಎಂದು ಎಲ್ಲರೆದುರು ಗದರಿದರಂತೆ. ಅದಕ್ಕೆ ಮೌನಪ್ಪ ಹೇಳಿದ್ದನ್ನು ಖಾಸಿಂ ಸಾಬ್ ನನಗೆ ಹೇಳಿದರು: “ಆ ಟೀಚರವ್ವ ನನ್ನ ಮಗಳ ಆಟ ಬಿಸಲಾಗ ನಿಂತು ನೋಡ್ಯಾಳ. ಆಕಿ ಬಿದ್ದಾಗ ತಾನ ಬಿದ್ದಂಗ ಮಾಡ್ಯಾಳ. ನೀ ಸೋದರಮಾವ, ಒಂದಿನಾ ಬಂದು ನೋಡೀಯೇನು?”

ಶಿವಗಂಗಾ ಈಗ ಓದುವ ರೀತಿಯೇ ಬೇರೆ. ಸಂತೆಯ ಮಕ್ಕಳೆಲ್ಲ ಅವಳ ಸುತ್ತ ಕೂತು ಓದುತ್ತಾರೆ. ರಾಯಚೂರು ಎಂದರೆ ಅವಳ ಕಣ್ಣು ಅರಳುತ್ತದೆ.

ನಿಮಗೆ ಕಿವಿ ಕೇಳಿಸಲಿಲ್ಲ ಎಂದು ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿದರೆ ಅವರು ಆ ಕ್ಷಣವೇ ಮಾತು ಹಿಂತೆಗೆದುಕೊಳ್ಳುತ್ತಾರೆ, ಹುಡುಗಿಯ ಓದು ಹತ್ತಕ್ಕೇ ನಿಲ್ಲುತ್ತದೆ. ಹೇಳದಿದ್ದರೆ ನಿಮ್ಮನ್ನು ಸಿಕ್ಕಿಸಿದಂತೆ. ನಿಮ್ಮದು ಮಗ ಸೊಸೆಯ ಮನೆ, ಕೋಣೆಗಳು ಸಣ್ಣವು, ಎಲ್ಲ ಬಲ್ಲೆ. ನೀವು ಹೇಳಿದಂತೆ ಮಾಡುತ್ತೇನೆ.

ವಿಜಿ


ರಾಯಚೂರು
12 ಫೆಬ್ರುವರಿ 2025

ವಿಜಿ,

ನಿನ್ನ ಪತ್ರ ಬಂದ ದಿನ ನಾನು ಉಣ್ಣಲಿಲ್ಲ. ಒಬ್ಬ ತಂದೆ ಎದೆಯೊಳಗಿನದನ್ನೆಲ್ಲ ತೆಗೆದು ಮುಂದಿಟ್ಟರೆ, ನಾನು ನಾಚಿಕೆ ಮುಚ್ಚಿಕೊಳ್ಳಲು ತಲೆಯಾಡಿಸಿದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಗನಿಗೆ ಹೇಳಲು ಧೈರ್ಯವಾಗದೆ ಪತ್ರವನ್ನು ಸೊಸೆಗೆ ಕೊಟ್ಟೆ. ಅವಳು ಓದಿ ಎದ್ದು ಹೋದಳು. ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನೆಲ ನಡುಗಿದ ಹಾಗಾಯಿತು. ಹೋಗಿ ನೋಡಿದರೆ ಹಿಂದಿನ ಕೋಣೆಯಿಂದ ತನ್ನ ಹೊಲಿಗೆ ಮಷಿನನ್ನು ಒಬ್ಬಳೇ ಎಳೆದು ಪಡಸಾಲೆಗೆ ತರುತ್ತಿದ್ದಾಳೆ. ಚೀಟಿಯಲ್ಲಿ ಬರೆದು ತೋರಿಸಿದಳು: ‘ಕಿಟಕಿ ಇರುವ ಕೋಣೆ, ಓದಲು ಬೆಳಕು ಬೇಕು. ಊಟಕ್ಕೆ ಬೇರೆ ಒಲೆ ಬೇಕೋ ಕೇಳಿ ಬರೆಯಿರಿ, ಇಟ್ಟುಕೊಡೋಣ.’ ನಾನು ಆ ಹುಡುಗಿಯನ್ನು ಸೊಸೆಯೆಂದು ಕರೆತಂದು ಒಂಬತ್ತು ವರ್ಷವಾಯಿತು, ಅವಳನ್ನು ಅಪ್ಪಿಕೊಂಡದ್ದು ಆವತ್ತೇ.

ಮೌನಪ್ಪನವರಿಗೆ ನಿಜ ಹೇಳು. ಒಂದಕ್ಷರ ಮುಚ್ಚಬೇಡ. ತಿಳಿಯದೆ ಕೊಟ್ಟ ಮಾತು ಮಾತಲ್ಲ. ಅವರು ತಲೆ ತಗ್ಗಿಸುವ ಮುಂಚೆಯೇ ಇದನ್ನೂ ಹೇಳು: ಈಗ ಖುರ್ಷೀದ್ ಬೇಗಂ ಪ್ರಶ್ನೆಯನ್ನು ಓದಿ, ತಿಳಿದು, ಮನೆಯವರನ್ನೆಲ್ಲ ಕೇಳಿ, ಹೂಂ ಎಂದಿದ್ದಾಳೆ. ಹುಡುಗಿ ಸಂಜೆ ನಮ್ಮ ಓಣಿಯ ಮಕ್ಕಳಿಗೆ ಖೋ ಖೋ ಕಲಿಸಬೇಕು, ಅದೊಂದೇ ಶರತ್ತು. ಮೊದಲು ಪಾಸಾಗಲಿ. ಗಣಿತ ನಿನ್ನ ಹೊಣೆ.

ಖುರ್ಷೀದ್


ಅಂದ್ರೂನ್ ಕಿಲ್ಲಾ, ರಾಯಚೂರು
1 ಜೂನ್ 2025

ಪೂಜ್ಯ ಹೆಡ್‌ಮೇಡಂ ಅವರಿಗೆ,

ನಿಮ್ಮ ವಿದ್ಯಾರ್ಥಿನಿ ಶಿವಗಂಗಾ ಮಾಡುವ ನಮಸ್ಕಾರಗಳು. ನಾನು ಕ್ಷೇಮವಾಗಿ ತಲುಪಿದ್ದೇನೆ. ಕಾಲೇಜಿನಲ್ಲಿ ಹೆಸರು ಹಚ್ಚಿಸಿ ಅಪ್ಪ ನಿನ್ನೆ ಊರಿಗೆ ಹೋದರು. ನೀವು ನಿಜ ತಿಳಿಸಿದ್ದಿರಲ್ಲ, ಆಪಾಗೆ ಕೇಳಿಸಲಿ ಎಂದು ಅವರು ಮನೆಯಲ್ಲಿ ಪ್ರತಿ ಮಾತನ್ನೂ ಕೂಗಿ ಕೂಗಿ ಹೇಳಿದರು. ಓಣಿಯವರೆಲ್ಲ ಜಗಳವೆಂದು ಬಾಗಿಲಿಗೆ ಬಂದರು. ಆಪಾ ಮಾತ್ರ ಒಂದೂ ಕೇಳಿಸದೆ ಅವರಿಗೆ ಇನ್ನೊಂದು ಚಪಾತಿ ಹಾಕಿದರು.

ಗಣಿತದಲ್ಲಿ ಅಷ್ಟು ಅಂಕ ಬಂದದ್ದನ್ನು ಇಲ್ಲಿ ಕಾಲೇಜಿನವರೂ ಮೆಚ್ಚಿದರು. ನಿಮ್ಮ ಹೆಸರು ಹೇಳಿದೆ. ಅಮರೇಶ ಸರ್‌ಗೆ, ಅನ್ನಮ್ಮಜ್ಜಿಗೆ, ಖಾಸಿಂ ಸಾಬ್ ಕಾಕಾಗೆ ನನ್ನ ನಮಸ್ಕಾರ ಹೇಳಿರಿ. ಈ ವರ್ಷ ತಂಡಕ್ಕೆ ಯಾರು ನಾಯಕಿ ಎಂದು ಬರೆಯಿರಿ.

ಒಂದು ಮಾತು ಅಪ್ಪನಿಗೆ ಹೇಳಬೇಡಿರಿ. ನಿನ್ನೆ ಸಂಜೆ ಅವರ ಬಸ್ಸು ಹೋದ ಮೇಲೆ ನನಗೆ ಬಹಳ ದುಃಖವಾಯಿತು. ಆಪಾ ಅವರ ಸೊಸೆ, ಭಾಬಿ, ಅಂಗಡಿಗೆ ಹೋಗಿದ್ದರು. ಆಪಾಗೆ ಹೇಗೂ ಕೇಳಿಸುವುದಿಲ್ಲ ಎಂದು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಜೋರಾಗಿ ಅತ್ತೆ. ಹಿಂದಿನಿಂದ ಬೆನ್ನ ಮೇಲೆ ಕೈ ಬಿತ್ತು. ತಿರುಗಿ ನೋಡಿದರೆ ಆಪಾ. ಹೇಗೆ ಗೊತ್ತಾಯಿತು ಎಂದು ಸನ್ನೆಯಲ್ಲಿ ಕೇಳಿದೆ.

“ಭುಜ ಕಾಣ್ತಾವಲ್ಲವ್ವಾ” ಎಂದರು. ಆಮೇಲೆ ಸೀರೆಯ ಸೆರಗಿನಿಂದ ನನ್ನ ಮುಖ ಒರೆಸಿ, “ಅಳಬ್ಯಾಡ ಅನ್ನಂಗಿಲ್ಲ. ಅಳು. ಊಟಕ್ಕ ಕರೆಯೂದ್ರಾಗ ಮುಗಿಸು” ಎಂದು ನನ್ನ ಪಕ್ಕದಲ್ಲೇ ಕೂತರು. ನಾನು ಮುಗಿಸುವವರೆಗೂ ಏಳಲಿಲ್ಲ.

ನಾಳೆಯಿಂದ ಕಾಲೇಜು.

ಇಂತಿ ನಿಮ್ಮ
ಶಿವಗಂಗಾ ಮೌನಪ್ಪ